ದಾರಿ ನನ್ನದಾಗಿತ್ತು

ಹೋದ ವರ್ಷದ ಶರತ್ಕಾಲದ ಪಂದ್ಯದಲ್ಲಿ ನನ್ನ ಗಂಡನಿಗೆ ಒಂದಂಗುಲವೂ ದಾರಿ ಬಿಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದೆ. ಮಹಾರಾಣಿಯರು ಕತ್ತಿ ಹಿಡಿದು ಇಂಥದ್ದನ್ನು ಮಾಡುತ್ತಾರಂತೆ. ನಾನು ಮಾಡಿದ್ದು ಮೂಲಂಗಿ ಹೆಚ್ಚುತ್ತಾ.

ನನ್ನ ಗಂಡ ಇಸೋಜಿ ಹಾಯಿ ಹೊಲಿಯುವವರು. ಒಬ್ಬೊಬ್ಬರೇ ನಡೆಸುವ ಪುಟ್ಟ ಹಾಯಿದೋಣಿ ಅವರಿಗೊಂದು, ನನಗೊಂದು. ನಮ್ಮ ಕೊಲ್ಲಿಯ ಪಂದ್ಯದಲ್ಲಿ ಮೂವತ್ತೊಂದು ವರ್ಷ ಅವರ ಎದುರು ಇಳಿದಿದ್ದೇನೆ; ಮೂವತ್ತೊಂದು ವರ್ಷವೂ ಅವರು ನನ್ನ ಮೂಗಿನ ಮುಂದೆಯೇ ದಾಟಿಹೋಗಿದ್ದಾರೆ. ನಿಯಮವೇನೋ ಸರಳ. ಗಾಳಿ ಬಲಮಗ್ಗುಲಿಗೆ ಬೀಳುವ ದೋಣಿಗೆ ದಾರಿಯ ಹಕ್ಕು. ಎಡಮಗ್ಗುಲಿಗೆ ಬೀಳುವ ದೋಣಿ ಸರಿದು ಹೋಗಬೇಕು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಇದನ್ನು ಓದಿ ಹೇಳಿದವರೂ ಅವರೇ. ಆದರೂ ಹಕ್ಕು ನನ್ನದಿದ್ದಾಗಲೂ ನಾನೇ ಚುಕ್ಕಾಣಿ ತಿರುಗಿಸುತ್ತಿದ್ದೆ. ಮನೆಗೆ ಬಂದು ಅವರಿಗೇ ಸಾರು ಬಡಿಸಬೇಕಾದವಳು ಸಮುದ್ರದಲ್ಲಿ ಜಗಳ ತೆಗೆಯುವುದುಂಟೇ?

"ಈ ಸಲ ಬಿಡೋದಿಲ್ಲ ರೀ," ಎಂದೆ.

"ಹೋದ ಸಲಾನೂ ಹಂಗೇ ಅಂದಿದ್ದೆ. ಮೂಲಂಗಿ ಸ್ವಲ್ಪ ತೆಳ್ಳಗೆ ಹೆಚ್ಚು," ಎಂದರು.

ಪಂದ್ಯದ ಕೊನೆಯ ಭಾಗದಲ್ಲಿ ನಾವಿಬ್ಬರೇ ಎಲ್ಲರಿಗಿಂತ ಮುಂದಿದ್ದೆವು. ಗಾಳಿ ನನ್ನ ಬಲಕ್ಕೆ, ಅವರ ಎಡಕ್ಕೆ. ಅವರ ಬಲಗಡೆಯಿಂದ ನಾನು ಬರುತ್ತಿದ್ದೆ. ದಾರಿ ನನ್ನದೆಂದು ಕೂಗಿದೆ. ಮತ್ತೆ ಕೂಗಿದೆ. ಅವರು ಹಿಡಿದ ದಾರಿ ಬಿಡಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡು ನಾನೂ ಚುಕ್ಕಾಣಿ ಮುಟ್ಟಲಿಲ್ಲ. ಒಂದು, ಎರಡು ಎಂದು ಎಣಿಸಿದೆ. ಆರಕ್ಕೆ ನನ್ನ ದೋಣಿಯ ಮೂತಿ ಅವರ ದೋಣಿಯ ಬಲಮಗ್ಗುಲಿಗೆ ಗುದ್ದಿ ಅಲ್ಲೊಂದು ಗೇಣು ಬಿರುಕು ಬಿಟ್ಟಿತು. ಕೆಂಪು ಬಾವುಟ ಏರಿಸಿ ಕಟ್ಟಿಕೊಂಡ ಗಂಡನ ಮೇಲೆಯೇ ದೂರು ಕೊಟ್ಟೆ! ನಮ್ಮ ಕೊಲ್ಲಿಯ ಚರಿತ್ರೆಯಲ್ಲಿ ಅಂಥದ್ದು ಅದೇ ಮೊದಲು.

ಮೇಜಿನ ಮೇಲೆ ಆಟಿಕೆ ದೋಣಿಗಳನ್ನಿಟ್ಟು ವಿಚಾರಣೆ ನಡೆಸಿದವರು ತೀರ್ಪುಗಾರರಾದ ತೋಮೊನಾಗ-ಸಾನ್, ನಿವೃತ್ತ ಅಂಚೆ ಮಾಸ್ತರರು. ಹೆಂಡತಿಯ ದೋಣಿಯನ್ನು ನೋಡಲಿಲ್ಲವೇ ಎಂದು ಇಸೋಜಿಯನ್ನು ಕೇಳಿದರು.

"ನೋಡಿದೆ. ಹೆಂಡ್ತಿ ಅಲ್ವಾ, ದಾರಿ ಬಿಡ್ತಾಳೆ ಅಂದ್ಕೊಂಡೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನನ್ನ ಸರದಿ. ದಾರಿಯ ಹಕ್ಕಿದ್ದವರೂ ಸಾಧ್ಯವಿದ್ದರೆ ಡಿಕ್ಕಿ ತಪ್ಪಿಸಬೇಕು, ತಪ್ಪಿಸದೆ ದೋಣಿ ಒಡೆದರೆ ಇಬ್ಬರೂ ಪಂದ್ಯದಿಂದ ಹೊರಗೆ. ನಿಮಗೆ ತಿರುಗಿಸಲು ಸಮಯವಿತ್ತೇ ಎಂದು ಕೇಳಿದರು. ಮೀನು ತೂಗುವಾಗಲೂ ಗುಲಗಂಜಿಯಷ್ಟೂ ತಪ್ಪದವಳು ನಾನು.

"ಇರ್ಲಿಲ್ಲ," ಎಂದೆ.

ಕಪ್ ನನಗೆ ಬಂತು. ಮನೆಯಲ್ಲಿ ಆ ಕಪ್ಪಿಗೇ ಸಾಕೆ ಮದ್ಯ ಸುರಿದು ಅವರ ಬಲಕ್ಕಿಟ್ಟೆ. ಎಲ್ಲಿಟ್ಟೆ ಎಂದು ಕೇಳಿದರು. ಸೋತವರಿಗೆ ಕಣ್ಣೂ ಕಾಣುವುದಿಲ್ಲವೇ ಎಂದು ಛೇಡಿಸಿದೆ.

ಡಿಸೆಂಬರಿನಲ್ಲಿ ಆಸ್ಪತ್ರೆಯವರು ಅವರ ತಲೆಯೊಳಗಿನ ಗಡ್ಡೆಯ ಚಿತ್ರ ತೋರಿಸಿದರು. ಬಲಗಡೆಯ ನೋಟ ಬೇಸಿಗೆಯಲ್ಲೇ ಹೋಗಿತ್ತಂತೆ. ಹೇಳಿದರೆ ದೋಣಿಯಿಂದ ಇಳಿಸಿಬಿಡುತ್ತಾರೆಂದು ಮುಚ್ಚಿಟ್ಟಿದ್ದರು. ಆರು ಎಣಿಸುವಷ್ಟು ಹೊತ್ತು ನನಗಿತ್ತೆಂದು ಹೇಳಲು ಬಾಯಿ ತೆರೆದಾಗಲೆಲ್ಲ, ಅವರು ಬಿರುಕಿಗೆ ತೇಪೆ ಹಾಕುವ ಮಾತು ತೆಗೆಯುತ್ತಿದ್ದರು. ಫೆಬ್ರವರಿ ಹನ್ನೊಂದಕ್ಕೆ ತೀರಿಕೊಂಡರು. ನಾನು ಹೇಳಿರಲಿಲ್ಲ.

ಈ ವರ್ಷವೂ ಪಂದ್ಯಕ್ಕಿಳಿದೆ. ಎಲ್ಲರಿಗಿಂತ ಹಿಂದೆ, ಸುತ್ತ ಒಂದು ದೋಣಿಯೂ ಇಲ್ಲ. ನಮ್ಮ ಆಟದಲ್ಲಿ ತಪ್ಪು ಮಾಡಿದವರು ಅಲ್ಲೇ ಎರಡು ಸುತ್ತು ಸುತ್ತಿದರೆ ತಪ್ಪು ಕಳೆಯುತ್ತದೆ. ಹೋದ ವರ್ಷ ಗುದ್ದಿದ ಜಾಗ ಬಂದಾಗ ನಾನು ದೋಣಿಯನ್ನು ಎರಡು ಸುತ್ತು ಸುತ್ತಿಸಿದೆ. ಹಾಯಿಯ ಅಡ್ಡಕೋಲು ನೆತ್ತಿಗೆ ಬಡಿಯಿತು.

ತೋಮೊನಾಗ-ಸಾನ್ ತೀರ್ಪುಗಾರರ ದೋಣಿಯನ್ನು ಹತ್ತಿರ ತಂದರು.

"ಯಾರಿಗೂ ಗುದ್ದಿಲ್ವಲ್ಲ, ಯಾಕೆ ಸುತ್ತಿದ್ರಿ ಮಿಸಾವೊ-ಸಾನ್?"

"ಹೋದ ವರ್ಷ ಗುದ್ದಿದ್ದಕ್ಕೆ. ಟೈಮ್ ಇತ್ತು ನಂಗೆ."

ಅವರು ಟೋಪಿ ತೆಗೆದರು. ಅಂಚೆ ಮಾಸ್ತರರಲ್ಲವೇ, ನಿಯಮ ಮುರಿದು ಅವರಿಗೆ ಗೊತ್ತಿಲ್ಲ.

"ಗುದ್ದಿದ ತಕ್ಷಣ ಸುತ್ಬೇಕಮ್ಮಾ," ಎಂದರು. "ಆಮೇಲೆ ಸುತ್ತಿದ್ರೆ ಲೆಕ್ಕಕ್ಕಿಲ್ಲ."