ಭಾವ ನರಕ ಹೇಳಿದ ಗುರುವಾರಗಳು

ನಮ್ಮ ಭಾವನಿಗೆ ನರಕದ ಮೂಲೆ ಮೂಲೆಯೂ ಗೊತ್ತು! ಮಸ್ಕತ್ತಿನಲ್ಲಿ ಇಷ್ಟು ವರ್ಷ ಕಾರು ಓಡಿಸಿಯೂ ರೌಂಡಬೌಟಿನಲ್ಲಿ ಇವತ್ತಿಗೂ ತಪ್ಪು ದಾರಿ ಹಿಡಿಯುವ ಇವರು, ನರಕಕ್ಕೆ ಮಾತ್ರ ಕಣ್ಣು ಮುಚ್ಚಿಕೊಂಡು ಕರೆದೊಯ್ಯಬಲ್ಲರು. ಯಾವ ಅಂತಸ್ತಿನಲ್ಲಿ ಹೊಟ್ಟೆಬಾಕರು, ಯಾವುದರಲ್ಲಿ ಜಿಪುಣರು, ಕುದಿಯುವ ಡಾಂಬರಿನಲ್ಲಿ ಮುಳುಗಿರುವವರು ಯಾರು, ಎಲ್ಲವೂ ಬಾಯಿಪಾಠ. ಡಾಂಬರಿನಲ್ಲಿ ಇರುವವರು ಲಂಚಕೋರರು. ಅದನ್ನು ಹೇಳುವಾಗ ಭಾವ ಸುಮ್ಮನೆ ನನ್ನ ಕಡೆ ನೋಡುತ್ತಾರೆ. ನಾನು ಪರ್ಚೇಸ್ ವಿಭಾಗದಲ್ಲಿದ್ದೇನೆ ಎಂಬುದೊಂದೇ ಕಾರಣಕ್ಕೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಧಾರವಾಡದವರು. ಎಣ್ಣೆ ಬಾವಿಗಳಿಗೆ ಮೀಟರು, ವಾಲ್ವು ಕೂರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಈ ನರಕದ ಹುಚ್ಚು ಅವರಿಗೆ ಹತ್ತಿದ್ದು ಮಸ್ಕತ್ತಿನಿಂದ ದೂರದ ದುಕ್ಮ್‌ನ ಕ್ಯಾಂಪಿನಲ್ಲಿ. ಊರಿಗೆ ಮರಳುತ್ತಿದ್ದ ಇಟಲಿಯ ಸೂಪರ್‌ವೈಸರ್ ಒಬ್ಬ, ತನ್ನ ದೇಶದ ಏಳುನೂರು ವರ್ಷ ಹಳೆಯ ಕವಿಯೊಬ್ಬನ ಕಾವ್ಯದ ಇಂಗ್ಲಿಷ್ ಅನುವಾದವನ್ನು ಇವರ ಕೈಗೆ ಹಾಕಿ ಹೋದ. ಕವಿ ಜೀವಂತವಾಗಿಯೇ ನರಕಕ್ಕಿಳಿದು, ಬೆಟ್ಟ ಹತ್ತಿ, ಸ್ವರ್ಗ ಸೇರುವ ಕತೆ. ಸುತ್ತ ಮರಳು, ಎದುರಿಗೆ ಸಮುದ್ರ, ನೋಡಲು ಟಿವಿಯೂ ಇಲ್ಲ. ಮನುಷ್ಯ ಇನ್ನೇನು ಮಾಡಿಯಾನು? ನರಕದ ತಳದಲ್ಲಿ ಬೆಂಕಿಯಿಲ್ಲ, ಬರೀ ಹಿಮ ಎಂದು ಓದಿದ ದಿನ ಭಾವ ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದ್ದರಂತೆ. "ಏ ಇವಳ, ನರಕದಾಗ ಇಲ್ಲಿಗಿಂತ ಥಂಡಿ ಅದ!"

ಅಕ್ಕನಿಗೆ ಮಾತ್ರ ಆ ಕವಿಯನ್ನು ಕಂಡರಾಗದು. ಬಾಲ್ಯದಲ್ಲಿ ಕಂಡ ಹುಡುಗಿಯೊಬ್ಬಳನ್ನು ಆತ ಸ್ವರ್ಗದಲ್ಲಿ ಕೂರಿಸಿ ಹಾಡಿದ. ಕಟ್ಟಿಕೊಂಡ ಹೆಂಡತಿಯ ಸುದ್ದಿಯೇ ಕಾವ್ಯದಲ್ಲಿಲ್ಲ. "ಮಕ್ಕಳನ್ನ ಹಡದಾಕಿ, ಬೆಳಿಸಿದಾಕಿ ಆಕಿ. ಒಂದು ಸಾಲು ಬರೀಲಿಕ್ಕೆ ಏನ ರೋಗ ಬಂದಿತ್ತು ಅಂವಗ?" ಎಂದು ಅಕ್ಕ ಲಟ್ಟಣಿಗೆ ಎತ್ತಿದರೆ, ಭಾವ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಾಲ್ಕನಿಗೆ ಹೋಗುತ್ತಿದ್ದರು.

ಹೀಗೆ ನಗುನಗುತ್ತಾ ಇದ್ದಾಗಲೇ ಎಣ್ಣೆಯ ಬೆಲೆ ಕುಸಿಯಿತು. ಮೊದಲು ಓವರ್‌ಟೈಮ್ ಹೋಯಿತು. ಆಮೇಲೆ ಆಫೀಸಿನ ಚಹಾದ ಜೊತೆಗಿನ ಬಿಸ್ಕತ್ತು ಹೋಯಿತು. ಆಮೇಲೆ ಮನುಷ್ಯರು ಹೋಗತೊಡಗಿದರು. ಪತ್ರ ಕೊಡುವುದು ಗುರುವಾರ ಮಧ್ಯಾಹ್ನವೇ. ಶುಕ್ರ, ಶನಿ ರಜೆಯಲ್ಲವೇ, ಅಳುವುದಿದ್ದರೆ ಮನೆಯಲ್ಲಿ ಅತ್ತು ಮುಗಿಸಲಿ ಎಂದು! ಗುರುವಾರ ಮೇಜಿನ ಫೋನು ಬಡಿದುಕೊಂಡರೆ ಮೂರು ಸಲ ಬಡಿಯುವವರೆಗೆ ನಾನು ಎತ್ತುತ್ತಿರಲಿಲ್ಲ. ಭಾವನ ಮಗಳು ಹನ್ನೆರಡನೇ ತರಗತಿಯಲ್ಲಿದ್ದಳು. ಮಾರ್ಚಿನ ಬೋರ್ಡ್ ಪರೀಕ್ಷೆಯವರೆಗೆ ಅಪ್ಪನ ವೀಸಾ ಉಳಿಯಬೇಕು, ಇಲ್ಲದಿದ್ದರೆ ನಡುವೆಯೇ ಗಂಟುಮೂಟೆ. ಅಕ್ಕ ದೇವರಲ್ಲಿ ಬೇರೇನನ್ನೂ ಕೇಳುತ್ತಿರಲಿಲ್ಲ.

ಆಗ ಭಾವ ಅಲ್ ಮವಾಲೇಹ್‌ನ ತಮ್ಮ ಫ್ಲ್ಯಾಟಿನಲ್ಲಿ ನಮ್ಮ ಕಟ್ಟಡದ ಕನ್ನಡಿಗರಿಗೆಂದು ಗುರುವಾರ ಸಂಜೆ ಪ್ರವಚನ ಶುರುಮಾಡಿದರು. ಒಬ್ಬೊಬ್ಬರೇ ಮನೆಯಲ್ಲಿ ಹೆದರಿಕೊಂಡು ಕೂರುವುದಕ್ಕಿಂತ ಎಲ್ಲರೂ ಸೇರಿ ನರಕಕ್ಕೆ ಹೋಗುವುದು ವಾಸಿ ಎಂಬುದು ಅವರ ವಾದ. ಶ್ರಾವಣದಲ್ಲಿ ಪುರಾಣ ಹೇಳುವವರಂತೆ ಚಾಪೆ, ಮುಂದೆ ಮಣೆ, ಮಣೆಯ ಮೇಲೆ ಪುಸ್ತಕ. ಕೊನೆಯಲ್ಲಿ ಅಕ್ಕನ ಚುರುಮುರಿ. ಮೊದಲ ದಿನ ಕವಿಯ ಚರಿತ್ರೆ. ಆತ ಊರಿನ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿದ್ದಾಗ ವಿರೋಧಿಗಳು ಅಧಿಕಾರ ಹಿಡಿದು, ತಿರುಗಿ ಬಂದರೆ ಸುಟ್ಟುಬಿಡುತ್ತೇವೆ ಎಂದು ಸಾರಿದರು. ಸಾಯುವತನಕ ಅವನು ತನ್ನ ಊರು ಕಾಣಲಿಲ್ಲ.

"ಅಂದ್ರೆ ರಜೆಯಲ್ಲಿದ್ದಾಗ ಟರ್ಮಿನೇಶನ್!" ಎಂದು ಕೂಗಿದರು ಕೆಳಗಿನ ಮನೆಯ ಅಕೌಂಟೆಂಟ್. ಉಡುಪಿ ಕಡೆಯವರು. ಆ ವರ್ಷ ನಮ್ಮ ಕಟ್ಟಡದಲ್ಲಿ ಒಬ್ಬರೂ ಊರಿಗೆ ರಜೆ ಹಾಕಲಿಲ್ಲ!

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಪ್ರವಚನದ ನಡುವೆ ಒಬ್ಬರು ಹೆಂಡತಿಯನ್ನು ಕರೆತರಬೇಕೆಂದು ಎದ್ದು ಹೋದರು. ಮುಂದಿನ ಗುರುವಾರವೇ ಅವರಿಗೆ ಪತ್ರ ಬಂತು. ಮುಗಿಯಿತು! ವ್ರತದ ಕತೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಏನಾಗುತ್ತದೆಂದು ನಮ್ಮವರಿಗೆ ಯಾರಾದರೂ ಹೇಳಿಕೊಡಬೇಕೇ? ಆಮೇಲೆ ಜ್ವರ ಬಂದವರೂ ಕಂಬಳಿ ಹೊದ್ದು ಬಂದರು. ಸುವೈಕ್‌ನಿಂದ ಒಬ್ಬರು ಅಷ್ಟು ದೂರ ಕಾರು ಓಡಿಸಿಕೊಂಡು ಬಂದು, ಆಫೀಸಿಗೆಂದು ಚುರುಮುರಿಯ ಪ್ರಸಾದವನ್ನೂ ಕಟ್ಟಿಸಿಕೊಂಡು ಹೋದರು. ಪುಸ್ತಕಕ್ಕೆ ಯಾರೋ ಕುಂಕುಮ ಹಚ್ಚಿದರು. ಅಕೌಂಟೆಂಟ್ ಹರಕೆಯನ್ನೇ ಹೊತ್ತರು: "ಕೆಲಸ ಒಂದು ಉಳೀಲಿ ಮಾರಾಯ್ರೆ, ಊರಲ್ಲಿ ಈ ಕವಿಯ ಹೆಸರಲ್ಲಿ ಒಂದು ಯಕ್ಷಗಾನದ ಆಟ ಆಡಿಸ್ತೇನೆ. ಇಡೀ ರಾತ್ರಿ!"

"ಅಂವ ಕ್ರಿಶ್ಚಿಯನ್ ಇದ್ದಾನ್ರೀ!" ಎಂದು ಭಾವ ತಲೆ ಚಚ್ಚಿಕೊಂಡರು.

"ಇರ್ಲಿ, ಅವರಿಗೂ ಚೆಂಡೆ ಕೇಳ್ತದಲ್ಲ?"

ಇದಕ್ಕಿಂತ ದೊಡ್ಡ ಪಜೀತಿ ನರಕ ಮುಗಿಯುತ್ತ ಬಂದಾಗ. ಕತೆ ಮುಗಿದರೆ ರಕ್ಷಣೆಯೂ ಮುಗಿದಂತಲ್ಲವೇ? ಆದ್ದರಿಂದ ಎಣ್ಣೆಯ ಬೆಲೆ ಏರುವತನಕ ಕವಿಯನ್ನು ಒಳಗೇ ಇಟ್ಟುಕೊಳ್ಳಬೇಕೆಂದು ಎಲ್ಲರೂ ಸೇರಿ ಭಾವನ ಕಾಲಿಗೆ ಬಿದ್ದರು. ಪಾಪ, ಆ ಕವಿ ನರಕದ ಕೊನೆಯ ಹಿಮದಲ್ಲಿ ವಾರಗಟ್ಟಲೆ ನಡುಗುತ್ತ ನಿಂತ. ಹೊತ್ತು ತುಂಬಿಸಲು ಭಾವ ಹೊಸ ಪಾಪಿಗಳನ್ನು ಹುಟ್ಟಿಸಬೇಕಾಯಿತು. ಎಚ್.ಆರ್. ಮ್ಯಾನೇಜರುಗಳಿಗೆಂದೇ ಒಂದು ಕೋಣೆ ಬಂತು. ಅಲ್ಲಿ ಅವರು ತಾವೇ ಬರೆದ ಪತ್ರಗಳನ್ನು ಉಪ್ಪು ಹಾಕದೆ ತಿನ್ನುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಾಗಲೂ ಎಲ್ಲರ ಒಂದು ಕೈ ಜೇಬಿನ ಮೊಬೈಲಿನ ಮೇಲೇ ಇರುತ್ತಿತ್ತು.

ಜನವರಿಯ ಒಂದು ಗುರುವಾರ ಭಾವ ಕೂತವರೇ ಹೇಳಿದರು, "ಇವತ್ತ ಅಂವನ್ನ ಹೊರಗ ಕರಕೊಂಡು ಬರತೇನಿ."

"ಬೇಡ ಮಾರಾಯ್ರೆ!" ಅಕೌಂಟೆಂಟ್ ಅರ್ಧ ಎದ್ದೇ ನಿಂತರು. "ಎಣ್ಣೆ ಇನ್ನೂ ಏರ್ಲಿಲ್ಲ!"

"ಎಷ್ಟ ದಿನ ಅಂತ ಒಳಗ ಇಡೋದ್ರಿ? ಅಂವಗೂ ಜೀವ ಅದ."

ಆ ದಿನದ ಹಾಗೆ ಭಾವ ಯಾವತ್ತೂ ಹೇಳಿರಲಿಲ್ಲ. ನರಕದ ತಳದ ರಾಕ್ಷಸನ ರೋಮ ಹಿಡಿದು ಕವಿ ಇಳಿದ, ಕತ್ತಲ ಕಿರುದಾರಿಯಲ್ಲಿ ತೆವಳಿದ, ಕೊನೆಗೆ ಒಂದು ಕಿಂಡಿಯಿಂದ ತಲೆ ಹೊರಹಾಕಿದಾಗ ಮೇಲೆ ನಕ್ಷತ್ರಗಳು. ಚುರುಮುರಿ ಅಗಿಯುವ ಸದ್ದೂ ನಿಂತಿತ್ತು. ಆಮೇಲೆ ಭಾವ ಪುಸ್ತಕ ಮುಚ್ಚಿ ಅಕೌಂಟೆಂಟ್ ಕೈಗಿಟ್ಟರು. "ಇನ್ನ ಬೆಟ್ಟ ಅದ, ಸ್ವರ್ಗ ಅದ. ಕತಿ ಮುಗದಿಲ್ಲ, ಅಂಜಬ್ಯಾಡ್ರಿ. ಮುಂದಿನ ವಾರದಿಂದ ನೀವ ಹೇಳ್ರಿ."

"ನನ್ನ ಇಂಗ್ಲಿಷಲ್ಲಿ ಸ್ವರ್ಗ ಹೇಳಿದ್ರೆ ಅದೂ ನರಕವೇ ಆದೀತು!" ಎಂದರು ಅವರು. ಎಲ್ಲರೂ ನಗುತ್ತಲೇ ಮೆಟ್ಟಿಲಿಳಿದರು.

ನಾನು ಚಾಪೆ ಸುತ್ತಲು ಬಂದರೆ ಭಾವ ಏಳಲಿಲ್ಲ. ಅಕ್ಕ ಅಡುಗೆಮನೆಯಲ್ಲಿದ್ದಳು. ಒಳಗಿನ ಕೋಣೆಯಿಂದ ಮಗಳು ಕೆಮಿಸ್ಟ್ರಿ ಉರುಹೊಡೆಯುವುದು ಕೇಳುತ್ತಿತ್ತು.

"ತಮ್ಮಾ, ಮಧ್ಯಾಹ್ನ ನನ್ನ ಕರದಿದ್ರು," ಎಂದರು ಮೆಲ್ಲಗೆ. "ಒಂದ ತಿಂಗಳದಾಗ ಖಲಾಸ್."

ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. "ಮತ್ತ ಇಷ್ಟೊತ್ತು ಎಲ್ಲಾರನ್ನೂ ನಗಿಸಿದ್ರಲ್ಲ ಭಾವ! ಹೇಳಬಾರದಿತ್ತೇನು?"

"ಹೆಂಗ ಹೇಳ್ಲೊ? ಕತಿ ಹೇಳಾಂವನ ನೌಕರಿನ ಹೋತು ಅಂದ್ರ, ಕೇಳಾವ್ರು ಏನ ಧೈರ್ಯದ ಮ್ಯಾಲ ಮನಿಗೆ ಹೋಗಬೇಕು?"

ಅಕ್ಕನಿಗೂ ಇನ್ನೂ ಹೇಳಿರಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟು ತಣ್ಣಗಿನ ಕೈಯನ್ನು ನಾನು ಆವರೆಗೆ ಮುಟ್ಟಿರಲಿಲ್ಲ. "ನನಗ ಭಾಳ ಅಂಜಿಕಿ ಆಗೇದ. ಸ್ವಲ್ಪ ಹೊತ್ತು ಇಲ್ಲೇ ಕೂಡು."

ಕೂತೆ. ಈ ಮನುಷ್ಯನನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ಆ ಕ್ಷಣದವರೆಗೆ ನನಗೇ ತಿಳಿದಿರಲಿಲ್ಲ.

"ಡ್ಯಾಡಿ, ವನ್ ಡೌಟ್!" ಒಳಗಿನಿಂದ ಮಗಳು ಕೂಗಿದಳು.

ಭಾವ ಇನ್ನೊಂದು ಕೈಯಿಂದ ಮುಖ ಒರೆಸಿಕೊಂಡು, ಎಂದಿನ ದೊಡ್ಡ ದನಿಯಲ್ಲೇ "ಬಂದೆ ಪುಟ್ಟಿ!" ಎಂದರು. ಆದರೆ ನನ್ನ ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ.