ಎರಡು ಪೆಡಲ್, ಒಂದು ಮೂಲೆ

"ಐದೇ ನಿಮಿಷ! ಓವರ್‌ಡ್ರೈವ್ ಯಾವುದು, ಡಿಸ್ಟಾರ್ಷನ್ ಯಾವುದು ಅಂತ ನಿನಗೆ ತಿಳಿಸಿಕೊಡದಿದ್ರೆ ನನ್ನ ಹೆಸರೇ ಬದಲಾಯಿಸು!" ಎಂದು ಕನ್ನಡಕದಂಗಡಿಯ ಯಜಮಾನರು ಭಾನುವಾರ ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿದರು.

ಪಣಕ್ಕಿದ್ದದ್ದು ಯಾವ ಸಾಮ್ರಾಜ್ಯವೂ ಅಲ್ಲ, ನಡುಮನೆಯ ಕಿಟಕಿ ಪಕ್ಕದ ಮೂಲೆ. ಅಲ್ಲಿ ಅವರ ಎಲೆಕ್ಟ್ರಿಕ್ ಗಿಟಾರು, ಅದರ ಸ್ಪೀಕರು, ಅದರ ದನಿ ಬದಲಿಸಲು ಕಾಲಲ್ಲಿ ಒತ್ತುವ ಓವರ್‌ಡ್ರೈವ್, ಡಿಸ್ಟಾರ್ಷನ್ ಎಂಬ ಎರಡು ಪೆಡಲ್‌ಗಳು ಠಿಕಾಣಿ ಹೂಡಿದ್ದವು. ಹೊಲಿಗೆ ಕೆಲಸದ ಹೆಂಡತಿಗೆ ಬೆಳಕಿನ ಆ ಮೂಲೆ ತನ್ನ ಮಿಷನ್ನಿಗೆ ಬೇಕಿತ್ತು.

"ಎರಡೂ ಗರ್ರ್ ಅನ್ನುತ್ವೆ. ಒಂದೇ ಶಬ್ದಕ್ಕೆ ಎರಡು ಪೆಡಲ್ಲು, ಅದಕ್ಕೊಂದು ಮೂಲೆ ಬೇರೆ! ವ್ಯತ್ಯಾಸ ತೋರಿಸಿ, ಮೂಲೆ ಇಟ್ಕೊಳ್ಳಿ" ಎಂದಿದ್ದಳು.

ಯಜಮಾನರು ಅಂಗಡಿಯ ವಿದ್ಯೆಯನ್ನೇ ಮನೆಗೆ ತಂದರು. ಗಿರಾಕಿಗೆ ಗಾಜು ಬದಲಿಸಿ ಬದಲಿಸಿ ಕೇಳುವಂತೆ, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಪೆಡಲ್ ಒತ್ತಿ ನುಡಿಸಿದರು. "ಈಗ ಹೇಳು. ಮೊದಲನೇದು ಹೇಗಿತ್ತು, ಎರಡನೇದು ಹೇಗಿತ್ತು?"

"ಮೊದಲನೇದು ನಮ್ಮ ಮಿಕ್ಸಿ. ಎರಡನೇದು ಪಕ್ಕದ್ಮನೆ ಮಿಕ್ಸಿ."

"ಸರಿಯಾಗಿ ಕೇಳೇ! ಓವರ್‌ಡ್ರೈವು ಕೈ ಹೇಳಿದಂಗೆ ಕೇಳುತ್ತೆ. ಮೆಲ್ಲಗೆ ಮೀಟಿದ್ರೆ ತಣ್ಣಗಿರುತ್ತೆ, ಜೋರಾಗಿ ಮೀಟಿದ್ರೆ ಮಾತ್ರ ಗುರುಗುಟ್ಟುತ್ತೆ. ಡಿಸ್ಟಾರ್ಷನ್‌ಗೆ ಆ ದಾಕ್ಷಿಣ್ಯ ಇಲ್ಲ. ಹೇಗೆ ಮುಟ್ಟಿದ್ರೂ ಒಂದೇ ಅಬ್ಬರ!"

"ಓ! ಮೊದಲನೇದು ನಾನು, ಎರಡನೇದು ನಿಮ್ಮಕ್ಕ. ಆಗಲೇ ಹಾಗನ್ನಬಾರದಿತ್ತಾ?"

ಆಮೇಲೆ ಅವರು ಪೆಡಲ್ ಬದಲಿಸಿ ಐದು ಸಲ ನುಡಿಸಿದರೆ, ಕಣ್ಣು ಮುಚ್ಚಿಕೊಂಡು ಐದಕ್ಕೆ ಐದೂ ಸರಿಯಾಗಿ ಹೇಳಿದಳು! ಯಜಮಾನರು ಗೆದ್ದರು, ಮೂಲೆ ಉಳಿಯಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

"ನಾನಾದ್ರೆ ನಿದ್ದೇಲೂ ಹೇಳ್ತೀನಿ. ಬೇಕಾದ್ರೆ ನೀನೇ ಪೆಡಲ್ ಒತ್ತು. ಒಂದು ತಪ್ಪಿದ್ರೂ ಮೂಲೆ ನಿಂದೇ!" ಎಂದುಬಿಟ್ಟರು.

ಗಿಟಾರು ಹಿಡಿದು ಗೋಡೆಗೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ಟಕ್ ಎಂದಿತು. ಯಾಕೋ ಅಳುಕಾಗಿ ಮೆಲ್ಲಗೆ ಮೀಟಿ "ಓವರ್‌ಡ್ರೈವ್" ಎಂದರು. ಹೆಂಡತಿ ಕಿಸಕ್ಕನೆ ನಕ್ಕಳು. ಮತ್ತೆ ಟಕ್ ಟಕ್. ಈ ಸಲ ಸಿಟ್ಟಿನಿಂದ ಬಾರಿಸಿ "ಡಿಸ್ಟಾರ್ಷನ್!" ಎಂದು ಗುಡುಗಿದರು. ಹೀಗೇ ಐದು ಉತ್ತರ ಕೊಟ್ಟು, ಎದೆಯುಬ್ಬಿಸಿ ತಿರುಗಿದರು.

"ಐದು ಸಲಾನೂ ನಾನು ಆಫ್ ಮಾಡಿ ಮತ್ತೆ ಹಾಕಿದ್ದು ಅದೇ ಓವರ್‌ಡ್ರೈವ್ ರೀ! ಹೆದರಿ ಮೀಟಿದಾಗ ಓವರ್‌ಡ್ರೈವ್ ಅಂದ್ರಿ, ಸಿಟ್ಟಲ್ಲಿ ಬಾರಿಸಿದಾಗ ಡಿಸ್ಟಾರ್ಷನ್ ಅಂದ್ರಿ. ಪೆಡಲ್ ಕಡೆ ನಿಮ್ಮ ಕಿವಿಯೇ ಇರಲಿಲ್ಲ!"

ಯಜಮಾನರು ಇಂಗು ತಿಂದ ಮಂಗನಂತಾದರು. ಗಿಟಾರನ್ನು ಬೀರುವಿನ ಹಿಂದೆ ಸರಿಸುವಾಗ ನಿಜವಾಗಿಯೂ ಅಳು ಬಂತು. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ನಾನೇ ತಂದಿಡ್ತೀನಿ, ನೀನು ಪಕ್ಕಕ್ಕೆ ಸರಿ" ಎಂದು ಕಬ್ಬಿಣದ ಹೊಲಿಗೆ ಮಿಷನ್ನನ್ನು ಒಬ್ಬರೇ ಎತ್ತಿದರು. ಮೂಲೆಯಲ್ಲಿ ಇಳಿಸುವಷ್ಟರಲ್ಲಿ ಸೊಂಟ ಕಳಕ್ ಎಂದಿತು.

"ಅಯ್ಯಯ್ಯಮ್ಮಾ!"

ಹೆಂಡತಿ ಗಾಬರಿಯಿಂದ ಓಡಿಬಂದು ಸೊಂಟವನ್ನು ಒತ್ತಿ ನೋಡಿದಳು.

"ಅಯ್ಯಯ್ಯಮ್ಮಾ!"

ಪಾಪ ಎನ್ನಿಸಿ ಮೆಲ್ಲಗೆ ಸವರಿದಳು.

"ಅಯ್ಯಯ್ಯಮ್ಮಾ!"

ಬೆರಳ ತುದಿಯನ್ನಷ್ಟೇ ತಾಗಿಸಿದಳು. ಅದೇ ಕೂಗು!

"ಅನುಮಾನವೇ ಬೇಡ," ಎಂದಳು ಹೆಂಡತಿ. "ಇದು ಡಿಸ್ಟಾರ್ಷನ್ನೇ."