ಹಡಗಿನ ತಳದಲ್ಲಿ ಒಂದು ರೂಮು

ಎತ್ತರದಲ್ಲಿ ಇರುವುದೇ ದೊಡ್ಡಸ್ತಿಕೆ ಎಂಬ ನಂಬಿಕೆ ನಮ್ಮ ಜನರ ತಲೆಯಲ್ಲಿ ಯಾವಾಗ ಹೊಕ್ಕಿತೋ ನನಗೆ ತಿಳಿಯದು. ಮನೆ ಕಟ್ಟಿದವನಿಗೆ ಮೇಲೊಂದು ಅಂತಸ್ತು ಎತ್ತುವ ತನಕ ನಿದ್ದೆ ಬರುವುದಿಲ್ಲ. ಲಾಡ್ಜಿಗೆ ಹೋದವನು ಮೇಲಿನ ರೂಮೇ ಬೇಕೆಂದು ಹಟ ಹಿಡಿಯುತ್ತಾನೆ, ಆಮೇಲೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಜಗಳ ತೆಗೆಯುತ್ತಾನೆ. ನಾನು ಮಾತ್ರ ಹುಟ್ಟಿನಿಂದಲೇ ಕೆಳಗಿನ ಪಕ್ಷದವನು. ನನ್ನ ಕಸುಬೂ ಅಂಥದ್ದೇ. ಚಳ್ಳಕೆರೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ನನ್ನದು. ನಮ್ಮ ಕಡೆ ನೀರು ಬೇಕಾದವರು ಆಕಾಶ ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು; ಎಲ್ಲರ ಕಣ್ಣೂ ನೆಲದ ಒಳಗೇ. ಬೋರ್‌ವೆಲ್ಲಿನ ತಳಕ್ಕೆ ಇಳಿದ ಮೋಟಾರು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೂ ದುಡಿಯುವುದೆಲ್ಲ ಅದೇ. ಇಷ್ಟು ಹೇಳಿಕೊಂಡರೆ, ಹಡಗಿನಲ್ಲಿ ಯಾವ ಅಂತಸ್ತಿನ ರೂಮು ಬೇಕು ಎಂದು ಕೇಳಿದಾಗ ನಾನು ತೀರಾ ಕೆಳಗಿನದಕ್ಕೆ ಗುರುತು ಹಾಕಿದ್ದು ಯಾಕೆಂದು ನಿಮಗೆ ಅರ್ಥವಾಗಬಹುದು. ನಮ್ಮೂರಿನವರಿಗೆ ಮಾತ್ರ ಅರ್ಥವಾಗಲಿಲ್ಲ.

ಚಳ್ಳಕೆರೆಗೂ ಹಡಗಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಮೊಬೈಲು ಫೋನು ಆಗಷ್ಟೇ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಬಂದು ಕೂತಿದ್ದ ಕಾಲ ಅದು. ಅಲ್ಲಿಯವರೆಗೆ ನಮ್ಮ ಪಂಪಿನ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳಿಗೆ ಗೋಡೆ ಗಡಿಯಾರವನ್ನೋ ಸೂಟ್‌ಕೇಸನ್ನೋ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಆ ವರ್ಷ ಅವರಿಗೆ ಏನು ಹೊಳೆಯಿತೋ, ಹೆಂಡತಿ ಸಮೇತ ಮುಂಬೈಯಿಂದ ಮೂರು ದಿನದ ಹಡಗಿನ ಪ್ರವಾಸ ಎಂದುಬಿಟ್ಟರು. ಅಂಚೆಯಲ್ಲಿ ಒಂದು ಫಾರಂ ಬಂತು. ಅದರಲ್ಲಿ ಹಡಗನ್ನು ಉದ್ದಕ್ಕೆ ಸೀಳಿದ ಹಾಗೆ ಚಿತ್ರ ಬರೆದು, ಅಂತಸ್ತುಗಳಿಗೆಲ್ಲ ಬೇರೆ ಬೇರೆ ಬಣ್ಣ ಬಳಿದಿದ್ದರು. ಮೇಲೆ ಬಾಲ್ಕನಿ ಇದ್ದ ರೂಮುಗಳು, ನಡುವೆ ಕಿಟಕಿ ಇದ್ದ ರೂಮುಗಳು, ಕೆಳಗೆ ಬರೀ ರೂಮುಗಳು. ನಿಮಗೆ ಬೇಕಾದದ್ದಕ್ಕೆ ಗುರುತು ಹಾಕಿ ಕಳಿಸಿ ಎಂದಿತ್ತು.

ಇಲ್ಲಿ ನನ್ನ ಹೆಂಡತಿ ನಾಗರತ್ನಳ ವಿಷಯ ಹೇಳಲೇಬೇಕು. ಅವಳ ತವರು ಮೊಳಕಾಲ್ಮೂರಿನ ಆಚೆ, ಸಿದ್ದಾಪುರದ ಹತ್ತಿರ. ಬಸ್ಸಿನಲ್ಲಿ ಹೋದರೆ ಬೆಳಗಿನ ತಿಂಡಿ ಕರಗುವುದರೊಳಗೆ ತಲುಪುವ ದಾರಿ. ಆದರೆ ನಾಗರತ್ನಳ ತಿಂಡಿ ಎಂದೂ ಕರಗುವ ತನಕ ಒಳಗೆ ನಿಂತದ್ದಿಲ್ಲ. ಬಸ್ಸು, ಕಾರು, ಮದುವೆ ವ್ಯಾನು, ಯಾವುದು ಹತ್ತಿದರೂ ಅವಳಿಗೆ ವಾಂತಿ. ರೈಲೊಂದು ಹೇಗೋ ಒಗ್ಗುತ್ತದೆ. ಆದರೆ ಅವಳ ನೆಂಟರ್ಯಾರೂ ರೈಲು ನಿಲ್ಲುವ ಊರಿನಲ್ಲಿಲ್ಲ. ನಿಂಬೆಹಣ್ಣು, ಹಸಿ ಶುಂಠಿ, ಹುಣಸೆಹಣ್ಣಿನ ಉಂಡೆ, ಒದ್ದೆ ಟವೆಲು, ಒಂದು ಕಟ್ಟು ಪ್ಲಾಸ್ಟಿಕ್ ಕವರು, ಇಷ್ಟಿಲ್ಲದೆ ಅವಳು ಹೊಸಿಲು ದಾಟುವುದಿಲ್ಲ. ಒಮ್ಮೆ ಒಂದು ಮದುವೆಗೆ ಹೊರಟ ವ್ಯಾನಿನಲ್ಲಿ ರಾಂಪುರದ ಪಂಪ್ ಡೀಲರ್ ತಿಪ್ಪೇಸ್ವಾಮಿಯ ಹೆಂಡತಿ ವಿಜಯಮ್ಮ ಇವಳ ಪಕ್ಕದಲ್ಲಿ ಕೂತಿದ್ದರು, ಹೊಸ ರೇಷ್ಮೆ ಸೀರೆ ಉಟ್ಟು. ಕವರು ಬಿಚ್ಚುವಷ್ಟರಲ್ಲಿ ತಡವಾಯಿತು. ವಿಜಯಮ್ಮ ಬಯ್ಯಲಿಲ್ಲ, ಆದರೆ ಆಮೇಲೆ ಯಾವ ಮದುವೆಯಲ್ಲಿ ಇವಳನ್ನು ಕಂಡರೂ ಸೆರಗು ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂದಿನಿಂದ ನಾಗರತ್ನ ಎಲ್ಲಿಗೆ ಕರೆದರೂ ತಲೆನೋವು ಎಂದು ಮನೆಯಲ್ಲೇ ಉಳಿಯತೊಡಗಿದಳು. ತನ್ನ ಚಿಕ್ಕಪ್ಪನ ಮಗಳ ಮದುವೆಗೂ ಹೋಗಲಿಲ್ಲ. ನಾನು ಅವಳನ್ನು ಗೇಲಿ ಮಾಡುತ್ತಲೇ ಇದ್ದೆ, ಆದರೆ ಒಳಗೊಳಗೇ ನನಗೆ ಬಹಳ ಸಂಕಟವಾಗುತ್ತಿತ್ತು.

ಫಾರಂ ಬಂದ ದಿನ ಅವಳು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಸಮುದ್ರ ಒಂದು ಸಲಾನಾದ್ರೂ ನೋಡ್ಬೇಕು ಅಂತ ನಂಗೂ ಆಸೆ ಐತ್ರೀ," ಎಂದಳು. ಮರುಕ್ಷಣವೇ, "ಆ ವಿಜಯಮ್ಮನೂ ಬರ್ತಾಳೆ ಅಲ್ವಾ? ಅವಳ ಮುಂದೆ ಇನ್ನೊಂದು ಸಲ ನಂಗೆ ಹಂಗಾತು ಅಂದ್ರೆ, ಇವತ್ತೇ ಹೇಳ್ತೀನಿ ಕೇಳ್ರಿ, ನಾನು ಇನ್ನೆಲ್ಲಿಗೂ ಬರಲ್ಲ. ಅವ್ವನ ಮನೀಗೂ ಹೋಗಲ್ಲ," ಎಂದಳು. ನಾಗರತ್ನ ಒಂದು ಮಾತು ಹೇಳಿದರೆ ಅದರಂತೆ ನಡೆಯುವ ಹೆಂಗಸು. ಹೀಗೆ ಆ ಫಾರಮ್ಮಿನ ಒಂದು ಗುರುತಿನ ಮೇಲೆ ನನ್ನ ಸಂಸಾರದ ಮುಂದಿನ ತಿರುಗಾಟವೆಲ್ಲ ನಿಂತಿತು.

ನಾನು ಮಾವನವರನ್ನು ಕೇಳಿದೆ. ಹಡಗಿನ ವಿಷಯದಲ್ಲಿ ಕುರಿ ಕಾಯುವವರನ್ನು ಕೇಳಿದವರು ಜಗತ್ತಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರು ಇರಲಾರರು. ಆದರೆ ನನ್ನ ಮಾವ ಕುರಿ ಜೊತೆಗೆ ಗಾಡಿಯನ್ನೂ ಬಲ್ಲವರು. ಮೇವು ಹೇರಿದ ಗಾಡಿಯನ್ನು ಸಿದ್ದಾಪುರದ ಬಂಡೆಗಲ್ಲಿನ ದಾರಿಯಲ್ಲಿ ಜೀವಮಾನವೆಲ್ಲ ಹೊಡೆದವರು. ಚಿತ್ರವನ್ನು ಮುಂದಿಟ್ಟಾಗ ಅವರು ಬೀಡಿ ಆರಿಸಿ, ಬೆರಳಿನಿಂದ ಹಡಗಿನ ಹೊಟ್ಟೆಯನ್ನು ಒತ್ತಿದರು. "ಅಳಿಯಂದ್ರೇ, ಮೇವಿನ ಮ್ಯಾಲೆ ಕುಂತ ಹುಡುಗ್ರು ಆ ಕಡಿಗೊಂದು ಸಲ ಈ ಕಡಿಗೊಂದು ಸಲ ವಾಲಾಡ್ತಾರೆ. ಕೆಳಗೆ ಅಚ್ಚಿನ ಹತ್ರ ಕಟ್ಟಿರೋ ನೀರಿನ ಬಿಂದಿಗೆ ತುಳುಕಲ್ಲ. ನನ್ ಮಗಳನ್ನ ಬಿಂದಿಗೆ ಕಟ್ಟೋ ಜಾಗದಾಗೆ ಮಲಗಿಸ್ರಿ." ಯಾವ ಇಂಜಿನಿಯರನೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ನಾನು ಅಲ್ಲಿಯೇ, ಅವರ ಜಗಲಿಯ ಮೇಲೆಯೇ, ಕೆಳಗಿನ ಅಂತಸ್ತಿನ ನಟ್ಟನಡುವಿಗೆ ಗುರುತು ಹಾಕಿದೆ.

ಕಂಪನಿಯ ಮ್ಯಾನೇಜರು ಗಾಬರಿಯಾಗಿ ಫೋನು ಮಾಡಿದರು. "ಸರ್, ವ್ಯಾಪಾರದಲ್ಲಿ ನೀವು ಮೊದಲನೇ ಸಾಲಿನವರು. ಬಾಲ್ಕನಿ ರೂಮೇ ನಿಮ್ಮದು. ತಪ್ಪಿ ಕೆಳಗಡೆ ಟಿಕ್ ಮಾಡಿದೀರಿ ಅನ್ಸುತ್ತೆ." ತಪ್ಪಿಲ್ಲ, ಬಿಂದಿಗೆ ಕಟ್ಟುವ ಜಾಗವೇ ಬೇಕು ಎಂದೆ. ಅವರು ಚಿತ್ರದಲ್ಲಿ ಬಿಂದಿಗೆ ಹುಡುಕಿರಬೇಕು. ಆಮೇಲೆ, "ಅಲ್ಲಿ ಕಿಟಕಿ ಇರೋಲ್ಲ ಸರ್," ಎಂದರು. "ಕಿಟಕಿ ಇಲ್ಲದಿದ್ದರೆ ಬಹಳ ಒಳ್ಳೆಯದು," ಎಂದು ನಾನು ತುಸು ಅವಸರದಿಂದಲೇ ಹೇಳಿದೆ.

ಸುದ್ದಿ ನಮ್ಮೂರಿನ ಎಣ್ಣೆ ಮಿಲ್ಲುಗಳ ಬೀದಿಯಲ್ಲೆಲ್ಲ ಹರಡಿತು. ಬಿಟ್ಟಿ ಸಿಕ್ಕ ಬಾಲ್ಕನಿಯನ್ನು ಒದ್ದವನು ಎಂದು ಜನ ನನ್ನನ್ನು ನೋಡಲು ಅಂಗಡಿಗೆ ಬಂದರು. ಅದರಲ್ಲಿ ಒಬ್ಬಿಬ್ಬರು ಮುಜುಗರಕ್ಕೆ ಪೈಪನ್ನೂ ಕೊಂಡು ಹೋದರು. ತಿಪ್ಪೇಸ್ವಾಮಿ ರಾಂಪುರದಿಂದ ಫೋನು ಮಾಡಿದ. ಅವನಿಗೂ ನನಗೂ ವ್ಯಾಪಾರದಲ್ಲಿ ಪೈಪೋಟಿ, ಮಾತಿನಲ್ಲಿ ಸಲುಗೆ. "ಏನ್ಲೇ, ಗೋಡೌನ್ ಹಿಡಿದೀಯಂತೆ? ಕಡ್ಲೆಕಾಯಿ ಮೂಟೆ ಒಟ್ಟೋ ಜಾಗ ಅಲ್ವೇನ್ಲೇ ಅದು! ನಾನು ನೋಡು, ತುದೀ ಮ್ಯಾಲಿಂದು. ಬಾಗ್ಲು ತೆಗೆದ್ರೆ ಸಮುದ್ರ." ವಿಜಯಮ್ಮನ ನಗೆಯೂ ಹಿಂದಿನಿಂದ ಕೇಳಿಸಿತು. ನಾನು ತಣ್ಣಗೆ ಫೋನು ಇಟ್ಟೆ.

ಗುಂತಕಲ್ಲಿನಲ್ಲಿ ರೈಲು ಹಿಡಿದು ಮುಂಬೈ ಸೇರಿ ಹಡಗು ಹತ್ತಿದೆವು. ನಮ್ಮ ರೂಮು ನಿಜಕ್ಕೂ ಗೋಡೌನಿನ ಹತ್ತಿರದ ನೆಂಟನಂತೆಯೇ ಇತ್ತು. ಎರಡು ಮಂಚ, ಒಂದು ಕನ್ನಡಿ, ನಾಲ್ಕು ಗೋಡೆ. ಕೆಳಗಿನಿಂದ ಇಂಜಿನ್ನಿನ ಗುಂಯ್ ಎಂಬ ಸದ್ದು ಒಂದೇ ಸಮನೆ ಬರುತ್ತಿತ್ತು. ನಾಗರತ್ನ ದಿಂಬಿಗೆ ಕಿವಿ ಕೊಟ್ಟು ಕೇಳಿ, "ಅಪ್ಪನ ಹೊಲದ ಮೋಟ್ರು ಇದ್ದಂಗೈತೆ," ಎಂದಳು. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಜೋಗುಳವಿಲ್ಲ. ಮೋಟಾರು ಓಡುತ್ತಿದೆ ಎಂದರೆ ಕರೆಂಟು ಇದೆ, ನೀರು ಹಾಯುತ್ತಿದೆ, ಇನ್ನು ಮಲಗಬಹುದು ಎಂದರ್ಥ. ಅದು ನಿಂತಾಗಲೇ ಮನೆಯವರೆಲ್ಲ ಎದ್ದು ಕೂರುವುದು. ನಾಗರತ್ನ ಕವರಿನ ಕಟ್ಟನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದವಳು ಬೆಳಗಿನ ಕಾಫಿಗೇ ಎದ್ದದ್ದು.

ಎರಡನೆಯ ದಿನ ಗಾಳಿ ಎದ್ದಿತು. ಬೆಳಗ್ಗೆ ನಾವು ಊಟದ ಹಾಲಿಗೆ ಹೋದರೆ, ಹಿಂದಿನ ಸಂಜೆ ಕಾಲಿಡಲು ಜಾಗವಿಲ್ಲದಿದ್ದ ಕಡೆ ಬಡಿಸುವವರೇ ಹೆಚ್ಚಿದ್ದರು. ಮೇಲಿನ ಅಂತಸ್ತುಗಳ ಡೀಲರುಗಳೆಲ್ಲ ಬಾಗಿಲು ಹಾಕಿಕೊಂಡು ಬಿದ್ದಿದ್ದಾರೆ ಎಂದು ತಿಳಿಯಿತು. ನಾಗರತ್ನ ಮೊದಲು ಅರ್ಧ ಇಡ್ಲಿ ತಿಂದು ಕಾದು ನೋಡಿದಳು. ಏನೂ ಆಗಲಿಲ್ಲ. ಉಳಿದ ಅರ್ಧ ತಿಂದಳು. ಆಮೇಲೆ ಇನ್ನೂ ನಾಲ್ಕು ತಿಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಪ್ರಯಾಣದ ನಡುವೆ ಅವಳು ಚಟ್ನಿ ಇನ್ನಷ್ಟು ಹಾಕಿ ಎಂದು ಕೇಳಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನನ್ನ ಕಣ್ಣು ತುಂಬಿ ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ.

ರೂಮಿಗೆ ಹಿಂತಿರುಗಿದರೆ ಬಾಗಿಲಿಗೆ ಒರಗಿ ತಿಪ್ಪೇಸ್ವಾಮಿ ನಿಂತಿದ್ದ. ಮುಖ ಹಿಂಡಿದ ಬಟ್ಟೆಯಂತಾಗಿತ್ತು. "ಅಣ್ಣಾ, ಒಂದೀಟು ನಿಮ್ ರೂಮಾಗೆ ಮಲಗ್ತೀನ್ರಿ. ಮ್ಯಾಲೆ ಎಲ್ಲಾ ತಿರುಗ್ತಾ ಐತ್ರಿ. ಆಕಿ ಅಂತೂ ಏಳೋ ಸ್ಥಿತೀನಾಗೇ ಇಲ್ಲ," ಎಂದ. ಅವನು ನನ್ನನ್ನು ಅಣ್ಣಾ ಎಂದು ಕರೆದು ಮರ್ಯಾದೆ ಕೊಟ್ಟದ್ದು ಅದೇ ಮೊದಲು. "ಗೋಡೌನಿನಲ್ಲಿ ಮಲಗುತ್ತೀಯಾ?" ಎಂದು ಕೇಳಬೇಕೆಂದು ನಾಲಗೆ ತುದಿಯವರೆಗೆ ಬಂದಿತ್ತು. ಕೇಳಿಯೇಬಿಟ್ಟೆ. ಅವನು ಕೈ ಮುಗಿದು ನನ್ನ ಮಂಚದ ಮೇಲೆ ಉರುಳಿದ.

ನಾಗರತ್ನ ಅಷ್ಟರಲ್ಲಿ ತನ್ನ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ವಾಂತಿಯ ವಿಷಯದಲ್ಲಿ ಅವಳಷ್ಟು ಅನುಭವ ಇದ್ದವರು ಆ ಹಡಗಿನ ಡಾಕ್ಟರನ್ನೂ ಸೇರಿಸಿ ಇನ್ನೊಬ್ಬರಿರಲಿಲ್ಲ. ಮೆಟ್ಟಿಲು ಹತ್ತಿ ತುದಿಯ ಅಂತಸ್ತಿಗೆ ಹೋದಳು. ಅಲ್ಲಿ "ಅಯ್ಯೋ ದೇವುಡಾ" ಎಂದು ನರಳುತ್ತಿದ್ದ ವಿಜಯಮ್ಮನ ಹಣೆಗೆ ಒದ್ದೆ ಟವೆಲು ಹಾಕಿ, ಬಾಯಿಗೆ ಹುಣಸೆ ಉಂಡೆ ಇಟ್ಟು, ಕವರು ಹಿಡಿದಳಂತೆ. ಈ ಸಲವೂ ಕವರು ಒಂದು ಗಳಿಗೆ ತಡವಾಯಿತು. ಈ ಸಲ ಸೀರೆ ನಾಗರತ್ನಳದು. "ಇರ್ಲಿ ಬಿಡಿ ವಿಜಯಮ್ಮ, ತೊಳೆದ್ರೆ ಹೋಗ್ತೈತೆ," ಎಂದಳಂತೆ ಇವಳು. ವಿಜಯಮ್ಮ ಇವಳ ಕೈ ಹಿಡಿದುಕೊಂಡು ಅತ್ತುಬಿಟ್ಟರಂತೆ. ಬೇರೆಯವರ ವಾಂತಿ ನೋಡಿಕೊಳ್ಳುವ ಗಡಿಬಿಡಿಯಲ್ಲಿ ತನ್ನದು ಇವಳಿಗೆ ನೆನಪೇ ಆಗಲಿಲ್ಲವಂತೆ. ಬಾಗಿಲಿಂದ ಬಾಗಿಲಿಗೆ ಹೋಗಿ ಮಧ್ಯಾಹ್ನದೊಳಗೆ ಎಂಟು ಹತ್ತು ರೂಮಿನ ಹೆಂಗಸರನ್ನು ಎಬ್ಬಿಸಿ ಕೂರಿಸಿ, ಅವಳು ಸೀರೆ ಬದಲಿಸಲು ಕೆಳಗೆ ಬಂದಾಗ ಅವಳ ಮುಖ ನೋಡಬೇಕಿತ್ತು.

"ಏನ್ರೀ, ಸಮುದ್ರ ನೋಡ್ದೆ! ನಮ್ ಉಳ್ಳಾರ್ತಿ ದನದ ಕಾವಲು ಇದ್ದಂಗೆ ಐತೆ, ಎತ್ತ ನೋಡಿದ್ರೂ ಬಯಲು. ಆದ್ರೆ ಒಂದು ದನ ಇಲ್ಲ. ಏಳ್ರಿ, ಮ್ಯಾಲೆ ಹೋಗಾಣ," ಎಂದಳು.

ತಿಪ್ಪೇಸ್ವಾಮಿಯನ್ನು ಒಬ್ಬನೇ ಬಿಟ್ಟು ಹೇಗೆ ಬರಲಿ ಎಂದೆ. ಅವನು ಗೊರಕೆ ಹೊಡೆಯುತ್ತಿದ್ದ. ನಾಗರತ್ನ ನನ್ನನ್ನೇ ನೋಡಿದಳು. ಗೋಡೆಯಲ್ಲಿ ಕಿಟಕಿ ಇರಬೇಕಾಗಿದ್ದ ಜಾಗವನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ಹಡಗು ಹತ್ತಿದಾಗಿಂದ ನೀವು ಒಂದು ಸಲಾನೂ ನೀರು ನೋಡಿಲ್ಲ. ಈ ರೂಮು ನಂಗೋಸ್ಕರ ಹಿಡಿದ್ರಾ, ನಿಮಗೋಸ್ಕರ ಹಿಡಿದ್ರಾ?"

ಓದುಗರ ಮುಂದೆ ಮುಚ್ಚುಮರೆ ಏಕೆ? ಇಡೀ ತಾಲ್ಲೂಕಿಗೆ ನೀರೆತ್ತುವ ಪಂಪು ಮಾರುವ ನನಗೆ ಮೊಣಕಾಲು ದಾಟಿದ ನೀರು ಕಂಡರೆ ಜೀವ ಬಾಯಿಗೆ ಬರುತ್ತದೆ. ನಮ್ಮ ವೇದಾವತಿ ಹೊಳೆಯನ್ನು ಬರೀ ಮರಳಿರುವ ದಿನ ಮಾತ್ರ ನಾನು ಧೈರ್ಯವಾಗಿ ದಾಟಿದವನು. ಮಾವನವರ ಅಚ್ಚಿನ ಸಿದ್ಧಾಂತ ನೂರಕ್ಕೆ ನೂರು ನಿಜ. ಆದರೆ ಅದು ಸಿಗದೇ ಹೋಗಿದ್ದರೂ ನಾನು ಕಿಟಕಿ ಇಲ್ಲದ ರೂಮಿಗೇ ಗುರುತು ಹಾಕುತ್ತಿದ್ದೆ. ನಾನು ತಿಪ್ಪೇಸ್ವಾಮಿಯ ಹೊದಿಕೆ ಸರಿಪಡಿಸತೊಡಗಿದೆ. ನಾಗರತ್ನ ನಗುತ್ತಾ ಮೊಳಕಾಲ್ಮೂರಿನ ಕೆಂಪು ಸೀರೆ ಉಟ್ಟು ಒಬ್ಬಳೇ ಮೇಲೆ ಹೋದಳು.

ಊರಿಗೆ ಬಂದ ಮೇಲೆ ನಮ್ಮ ಮರ್ಯಾದೆ ಹೇಗೆ ಏರಿತೆಂದರೆ, ಈಗ ಎಲ್ಲಿಗೇ ಬಸ್ಸು ಹತ್ತುವುದಿದ್ದರೂ ಜನ ನನ್ನ ಅಂಗಡಿಗೆ ಬಂದು ಯಾವ ಸೀಟು ಹಿಡಿಯಲಿ ಎಂದು ಕೇಳುತ್ತಾರೆ. ನಾಗರತ್ನ ಬಸ್ಸಿನಲ್ಲಿ ನಡು ಸೀಟು ಹಿಡಿದು, ಚೀಲ ತೊಡೆಯ ಮೇಲಿಟ್ಟುಕೊಂಡು, ವಿಜಯಮ್ಮನ ಜೊತೆ ಯಾವ ಮದುವೆಯನ್ನೂ ಬಿಡುವುದಿಲ್ಲ. ಒಂದು ತಿಂಗಳ ಮೇಲೆ ಕಂಪನಿಯವರು ದೊಡ್ಡ ಫೋಟೋ ಒಂದಕ್ಕೆ ಕಟ್ಟು ಹಾಕಿಸಿ ಕಳಿಸಿದರು. ಆ ಗಾಳಿಯಲ್ಲೂ ತುದಿಯ ಅಂತಸ್ತಿನಲ್ಲಿ ನಿಂತಿದ್ದ ಆರೇಳು ಜನರ ಫೋಟೋ ಅದು. ನಟ್ಟನಡುವೆ, ಕಂಬಿ ಹಿಡಿದು, ಸೆರಗು ಹಾರಿಸಿಕೊಂಡು ನಾಗರತ್ನ. ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದೇನೆ. ಬಂದ ರೈತರು ಪಂಪಿನ ಮಾತು ಬಿಟ್ಟು ಅದನ್ನೇ ನೋಡುತ್ತಾರೆ. "ಅಕ್ಕಾರು ಅದಾರೆ ಸಾವ್ಕಾರ್ರೇ, ನೀವೆಲ್ಲಿ? ಹೋಗ್ಲೇ ಇಲ್ವಾ?" ಎನ್ನುತ್ತಾರೆ. ನಾನು ಕುರ್ಚಿಯಿಂದ ಎದ್ದು ಹೋಗಿ, ಫೋಟೋದ ಕಟ್ಟಿನ ಕೆಳಗೆ ಎರಡು ಗೇಣು ಅಳೆದು, ಖಾಲಿ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ: "ಇಗೋ, ಇಲ್ಲಿದ್ದೀನಿ."